ಸೊಸೆಯ ಜಾರುಹಲಗೆ

...ಬಾಗಿಲು ಹಾಕು ಮೊದಲು, ಇದ್ದಬದ್ದ ಶಾಖವೆಲ್ಲ ಹೊರಗೆ ಹೋಗ್ತಿದೆ. ಹಾಂ. ಇಲ್ಲ, ಮುಗಿದಿಲ್ಲ. ಬೆಳಿಗ್ಗೆಯಿಂದ ಇದು ಎಷ್ಟನೇ ಸಲ ನೀನು ಬಂದು ನೋಡೋದು, ಸಾಯ್ಲಿಕ್? ಬಂದು ಬಂದು ನೋಡಿದ್ರೆ ಕೆಲಸ ಬೇಗ ಆಗಿಬಿಡುತ್ತಾ? ಅಲ್ಲಿ ನಿಂತ್ಕೋಬೇಡ, ಬೆಳಕಿಗೆ ಅಡ್ಡ ಆಗುತ್ತೆ. ಕೂತ್ಕೋ. ಅಲ್ಲಲ್ಲ, ಹಲಗೆ ಹತ್ರ ಬೇಡ. ಆ ಕಡೆ, ಒಲೆ ಪಕ್ಕ. ಹಲಗೇನ ಮುಟ್ಬೇಡ, ತಳಕ್ಕೆ ಹೊಲಿದಿರೋ ತೊಗಲು ಇನ್ನೂ ಹಸಿ ಇದೆ.

ಗೊತ್ತು ಕಣಮ್ಮ. ನಾಳೆ ಬೆಳಿಗ್ಗೆ ಹೊರಡಬೇಕು ಅಂತ ನನಗೂ ಗೊತ್ತು. ನಿಮ್ಮತ್ತೆ ಒಂದು ವಾರದಿಂದ ಅದನ್ನೇ ಜಪ ಮಾಡ್ತಿದಾಳೆ. ನಿನ್ನ ಕರ್ಕೊಂಡು ಹೋಗೋಕೆ ಎರ್ತಿನೆ ಕಡೆಯೋರು ಆಕ್‌ಖಾಬಾದಿಂದ ಬೆಟ್ಟದ ಕಣಿವೆ ದಾರಿ ದಾಟಿ ಬಂದು ನಿಮ್ಮ ಭಾವನ ಮನೇಲಿ ಇಳ್ಕೊಂಡಾಯ್ತು, ಕುರಿ ಕಡಿದಾಯ್ತು, ಮಾಂಸ ಬೆಂದಾಯ್ತು, ಹಿಮದ ಮೇಲೆ ಜಾರೋ ಹಲಗೆ ಮಾತ್ರ ಇವರಿಂದ ಆಗಿಲ್ಲ ಅಂತ. ಊರಿಗೆಲ್ಲ ಕೇಳೋ ಹಾಗೆ. ಮಾಡೋನ ಕಷ್ಟ ಅವಳಿಗೇನು ಗೊತ್ತು? ಅವಳು ಮರ ಕಡಿದಿದಾಳಾ? ಮರ ಬಗ್ಗಿಸಿದಾಳಾ? ಬಗ್ಗಿಸಿದ್ದು ಅಂದ್ರೆ ನನ್ನನ್ನೊಬ್ಬನನ್ನೇ.

ನಗು, ನಗು. ನಿನಗೆ ನಗು.

ಟೀ ತಂದ್ಯಾ? ಕೊಡು. ...ಹ್ಞೂ. ಉಪ್ಪು ಸರಿಯಾಗಿದೆ. ನಿಮ್ಮತ್ತೆ ಮಾಡಿದ್ರೆ ಒಂದು ದಿನ ಸಮುದ್ರ, ಇನ್ನೊಂದು ದಿನ ಬರೀ ಹಾಲು. ಈ ಮನೇಲಿ ಮದುವೆ ಆಗಿ ಬಂದ ಮಾರನೇ ದಿನವೇ ನೀನು ಮಾಡಿದ ಟೀ ಸರಿಯಾಗಿತ್ತು. ಆಗ ನಾನು ಹೇಳ್ಲಿಲ್ಲ, ಹೇಳಿದ್ರೆ ಸೊಸೆ ತಲೆ ಮೇಲೆ ಕೂರ್ತಾಳೆ ಅಂತ. ಈಗ ಹೇಳಿದ್ರೆ ಏನಂತೆ.

ಎಲ್ಲಿದ್ದೆ? ಹಾಂ, ಮರ. ಈ ವರ್ಷ ಮರವೇ ಸರಿ ಇಲ್ಲ. ನೀನೂ ಬಂದಿದ್ಯಲ್ಲ, ಉತ್ತರದ ಇಳಿಜಾರಿಗೆ, ಗರಗಸದ ಆ ತುದಿ ಹಿಡಿದಿದ್ದು ನೀನೇ ತಾನೆ? ಎಂಥ ನೆಟ್ಟನೆ ಮರ ಅದು. ನೆರಳಲ್ಲಿ ಬೆಳೆದ ಸ್ಪ್ರೂಸು, ಒಂದು ಗಂಟಿಲ್ಲ. ಸೀಳಿದ್ರೆ ಬೆಣ್ಣೆ ಹಾಗೆ ಎರಡು ಹೋಳಾಯ್ತು. ಒಂದೇ ಮರದ ಎರಡು ಹೋಳು, ಎಡಗಾಲಿಗೊಂದು ಬಲಗಾಲಿಗೊಂದು. ಅದಕ್ಕಿಂತ ಒಳ್ಳೇದು ಇನ್ನೇನು ಬೇಕಿತ್ತು? ಕೊನೆಗೆ ಏನಾಯ್ತು? ಕುದಿಯೋ ನೀರಲ್ಲಿಟ್ಟು ಮುಂದಿನ ಮೂತಿ ಬಗ್ಗಿಸೋವಾಗ ಟಪ್ ಅಂತ ಸೀಳಿಹೋಯ್ತು.

ಯಾಕೆ ಹಾಗೆ ನೋಡ್ತೀಯ? ನೀರು ಕುದೀತಿತ್ತು. ಕುದೀತಿತ್ತು ಅಂದೆ. ಸ್ವಲ್ಪ ಆರಿತ್ತೋ ಏನೋ. ನಿಮ್ಮ ಭಾವ ಹಾಕಿಕೊಟ್ಟ ಈ ಒಲೆ ಇದೆಯಲ್ಲ, ಹೊಗೆಗೆ ಅಂತ ಹಾಕಿದ್ದೋ ಬೆಂಕಿಗೆ ಅಂತ ಹಾಕಿದ್ದೋ ದೇವರೇ ಬಲ್ಲ. ಮರ ಒಳಗಡೆವರೆಗೂ ಮೆತ್ತಗಾಗಿರ್ಲಿಲ್ಲ. ಗೊತ್ತಾಗ್ಲಿಲ್ಲ ನಂಗೆ. ಯಾವತ್ತಾದರೂ ಒಂದು ದಿನ ಯಾರಿಗಾದರೂ ಗೊತ್ತಾಗದೇ ಇರುತ್ತೆ.

ಎರಡನೇ ಜೋಡೀಲಿ ಗಂಟು ಬಂತು. ಹ್ಞೂ, ಪಾದ ಇಡೋ ಜಾಗದಲ್ಲೇ ಇತ್ತು. ಕಾಣಿಸ್ತಿತ್ತು ಅಂತೀಯಾ? ಅನ್ಲಿಲ್ಲ ನೀನು, ಆದ್ರೆ ಆ ಹುಬ್ಬು ಅಂತು. ಕಾಣಿಸ್ತಿತ್ತು ಸರಿ. ಕೆತ್ತುತ್ತಾ ಹೋದ್ರೆ ಹೋಗುತ್ತೆ ಅಂದ್ಕೊಂಡೆ. ಹೋಗ್ಲಿಲ್ಲ. ಒಲೆಗೆ ಹಾಕಿದೆ. ಚೆನ್ನಾಗಿ ಉರೀತು. ಆ ಒಲೇಲಿ ಮೊದಲನೇ ಸಲ ಏನಾದರೂ ಚೆನ್ನಾಗಿ ಉರಿದಿದ್ದು ಅಂದ್ರೆ ಅದೇ.

ಬುಯಾನ್ ಬಂದಿದ್ದ ಬೆಳಿಗ್ಗೆ. ಅಪ್ಪ, ಪೇಟೆಯಿಂದ ತಂದ ಪ್ಲಾಸ್ಟಿಕ್ ಸ್ಕೀ ಇದೆ, ಅದನ್ನೇ ಹಾಕ್ಕೊಂಡು ಹೋಗ್ಲಿ ಅಂತಾನೆ. ಬೈದು ಕಳಿಸಿದೆ. ನಿಮ್ಮ ಭಾವನಿಗೆ ವಯಸ್ಸಾಗಿದೆ, ಬುದ್ಧಿ ಬಂದಿಲ್ಲ. ಅಡಿ ನುಣ್ಣಗೆ ಗಾಜಿನ ಹಾಗಿದೆ, ಅದರಲ್ಲಿ ಕಣಿವೆ ದಾರಿ ಹತ್ತೋಕೆ ಆಗುತ್ತಾ? ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಅದಕ್ಕೇ ತಾನೆ ನಾವು ಕುದುರೆ ಕಾಲಿನ ತೊಗಲು ಹಾಕೋದು. ಕೂದಲು ಹಲಗೆ ಬಾಲದ ಕಡೆಗೆ, ಹಿಂದಕ್ಕೆ ಮಲಗಿರಬೇಕು. ಮುಂದಕ್ಕೆ ಜಾರೋವಾಗ ಎಣ್ಣೆ ಹಾಗೆ, ಹತ್ತೋವಾಗ ಹಿಂದಕ್ಕೆ ಬಿಡದ ಹಾಗೆ ಹಿಮಾನ ಕಚ್ಕೊಳ್ಳುತ್ತೆ. ಇದು ಎಲ್ಲರಿಗೂ ಗೊತ್ತು, ಆ ಮನ್ಲಾಯ್ ಒಬ್ಬನ್ನ ಬಿಟ್ಟು.

ಮನ್ಲಾಯ್ ಕಥೆ ಹೇಳಿಲ್ವಾ ನಿಂಗೆ? ಕೆಳಗಿನ ಮನೆ ಮನ್ಲಾಯ್. ಕುಡಿದು ಕೂತು ಹೊಲಿದಿದಾನೆ, ತೊಗಲು ತಿರುವುಮುರುವಾಗಿದೆ. ಕೂದಲೆಲ್ಲ ಮೂತಿ ಕಡೆಗೆ. ಇಳಿಜಾರಲ್ಲಿ ನಿಂತು ಕೋಲು ಊರಿ ತಳ್ತಾನೆ, ತಳ್ತಾನೆ, ಹಲಗೆ ಜಪ್ಪಯ್ಯ ಅನ್ನೋದಿಲ್ಲ. ಸರಿ, ಹತ್ತೋಣ ಅಂತ ಗುಡ್ಡ ಹತ್ತಿದ್ರೆ ಹಿಂದಹಿಂದಕ್ಕೇ ಜಾರ್ಕೊಂಡು ಬಂದು ತನ್ನ ಮನೆ ಬಾಗಿಲಿಗೇ ಬೆನ್ನು ಕೊಟ್ಟು ನಿಂತ. ಒಳಗಿಂದ ಅವನ ಹೆಂಡತಿ, ಇಷ್ಟು ಬೇಗ ಬಂದ್ರಾ ಅಂತ ಕೇಳಿದ್ಲಂತೆ. ಆಮೇಲಿಂದ ಅವನು ಕುಡಿಯೋಕೆ ಹೊರಟಾಗಲೆಲ್ಲ, ಆ ಹಲಗೇನೇ ಕಟ್ಕೊಂಡು ಹೋಗಿ ಅಂತಾಳೆ.

ನೋಡು, ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಾಳೆ. ಖೆರೆಲ್ ಕೂಡ ಹೀಗೇ ನಗ್ತಿದ್ದ ಈ ಕಥೆಗೆ. ಎಷ್ಟು ಸಲ ಹೇಳಿದ್ರೂ.

...ಸರಿ. ಅವನ ಮಾತು ತೆಗೀಬಾರದಿತ್ತು. ಒರೆಸ್ಕೋ. ಮೂರು ಚಳಿಗಾಲ ಆಯ್ತು ನನ್ನ ಮಗ ನದೀಲಿ ಮುಳುಗಿ, ನಿನ್ನನ್ನ ಒಂಟಿ ಮಾಡಿ ಹೋಗಿ. ಅವನು ಹೋದ ಮೇಲೆ ನಿನ್ನ ಅಣ್ಣಂದಿರು ಕರೆಯೋಕೆ ಬಂದ್ರು, ನೀನು ಹೋಗ್ಲಿಲ್ಲ. ಯಾಕೆ ಹೋಗ್ಲಿಲ್ಲ ಅಂತ ನಾನು ಕೇಳ್ಲಿಲ್ಲ. ಕೇಳಿದ್ರೆ ಎಲ್ಲಿ ನೆನಪಾಗಿ ಹೊರಟುಬಿಡ್ತೀಯೋ ಅಂತ.

ಎರ್ತಿನೆ ಒಳ್ಳೆ ಹುಡುಗ. ಅದರಲ್ಲಿ ಎರಡು ಮಾತಿಲ್ಲ. ನಾನೇ ಹೇಳಿದ್ದು ಅದನ್ನ, ಊರ ಹಿರಿಯರ ಮುಂದೆ. ಮದುವೆಗೆ ಒಪ್ಪಿಗೆ ಅಂತ ಬಟ್ಟಲು ಎತ್ತಿ ಕುಡಿದಿದ್ದೂ ನಾನೇ. ಈ ವಯಸ್ಸಲ್ಲಿ ಹುಡುಗಿ ಒಂಟಿಯಾಗಿರಬಾರದು ಅಂದವನೂ ನಾನೇ. ಅಷ್ಟಕ್ಕೆ ಸುಮ್ಮನಿದ್ದಿದ್ರೆ ಆಗ್ತಿತ್ತು. ನನ್ನ ಸೊಸೆ ಯಾರದೋ ಕುದುರೆ ಬೆನ್ನ ಮೇಲೆ ಮೂಟೆ ಹಾಗೆ ಹೋಗೋದಿಲ್ಲ, ನಾನು ಮಾಡಿದ ಹಲಗೆ ಮೇಲೆ ನಿಂತ್ಕೊಂಡು ಹೋಗ್ತಾಳೆ, ಆಕ್‌ಖಾಬಾದೋರು ಬಾಯಿ ಬಿಟ್ಕೊಂಡು ನೋಡಬೇಕು ಅಂತ ಕೊಚ್ಚಿಕೊಂಡೆ. ಈಗ ಅನುಭವಿಸ್ತಿದೀನಿ. ಮರ ಕೇಳ್ತಿಲ್ಲ, ಒಲೆ ಕೇಳ್ತಿಲ್ಲ, ಸೂಜಿ ಕೇಳ್ತಿಲ್ಲ. ಬೆರಳು ನೋಡು, ಎಷ್ಟು ಕಡೆ ಚುಚ್ಕೊಂಡಿದೀನಿ.

ಏನೂ ಬೇಡ, ಬಟ್ಟೆ ಸುತ್ತಬೇಡ. ಸಾಯೋದಿಲ್ಲ ನಾನು.

ಅಲ್ಲ, ನಾಳೇನೇ ಯಾಕೆ ಹೋಗಬೇಕು ಅಂತ. ಹಿಮ ಇನ್ನೂ ಮೆತ್ತಗಿದೆ. ಕಣಿವೆ ಮೇಲೆ ಮೋಡ ನೋಡಿದ್ಯಾ? ಇನ್ನೊಂದು ವಾರ ತಡೆದ್ರೆ ಗಟ್ಟಿಯಾಗುತ್ತೆ, ಹಲಗೇನೂ ಚೆನ್ನಾಗಿ ಒಣಗುತ್ತೆ. ಹದಿನೈದು ದಿನ ಅಂದ್ರೆ ಇನ್ನೂ ವಾಸಿ. ಎರ್ತಿನೆಗೆ ಏನು ಅವಸರ? ಇಷ್ಟು ವರ್ಷ ಹೆಂಡತಿ ಇಲ್ಲದೇ ಇದ್ದೋನಿಗೆ ಇನ್ನೊಂದು ತಿಂಗಳು ಕಷ್ಟವಾ? ...ಹಾಗೆ ತಲೆ ಬಗ್ಗಿಸಬೇಡ. ನಾನು ಹೋಗಬೇಡ ಅಂತಿಲ್ಲ. ಹೋಗು ಅಂತಲೇ ಹೇಳ್ತಿರೋದು. ಹೋಗೋದು ಸರಿಯಾಗಿ ಹೋಗು ಅಂತಿದೀನಿ.

ಆಮೇಲೆ ಗರಗಸ ಇದೆಯಲ್ಲ, ಅದರ ಆ ತುದಿ ಯಾರು ಹಿಡೀತಾರೆ? ಸುಮ್ಮನೆ ಕೇಳ್ದೆ. ಬುಯಾನ್ ಮುಂಗೋಪಿ, ಎಳೆದಾಡಿ ಹಲ್ಲು ಮುರೀತಾನೆ. ನಿಮ್ಮತ್ತೆ ಹಿಡಿದ್ರೆ ಗರಗಸ ಅವಳ ಕಡೆಗೇ ಹೋಗುತ್ತೆ, ವಾಪಸ್ ಬರೋದಿಲ್ಲ, ಈ ಮನೇಲಿ ಎಲ್ಲದರ ಹಾಗೆ. ನೀನು ಹಿಡಿದ್ರೆ... ನಾನು ಎಳೆದಾಗ ಬಿಡ್ತೀಯ, ಬಿಟ್ಟಾಗ ಎಳೀತೀಯ. ಹೇಳಿಕೊಡಬೇಕಾಗಿಲ್ಲ. ಖೆರೆಲ್‌ಗೂ ಅದು ಬರ್ತಿರ್ಲಿಲ್ಲ, ನಿಜ ಹೇಳಬೇಕು ಅಂದ್ರೆ.

ಏನು? ಎಲ್ಲಿಗೆ ಎದ್ದೆ? ಬಟ್ಟಲು ಅಲ್ಲೇ ಇರ್ಲಿ, ನಾನು ತೊಳೀತೀನಿ... ಮುಟ್ಬೇಡ ಅಂದೆನಲ್ಲ ಹಲಗೇನ. ಭಾರ ನೋಡ್ತೀಯಾ? ನೋಡು. ಎರಡೂ ಒಂದೇ ಭಾರ. ಮೂತಿ ಹೇಗೆ ಬಗ್ಗಿದೆ ನೋಡು, ಈ ಸಲ ಬಿರುಕಿಲ್ಲ. ನಿನ್ನ ಎತ್ತರಕ್ಕೆ ತಕ್ಕ ಹಾಗೇ ಮಾಡಿದ್ದು. ಬಾಗಿಲ ಚೌಕಟ್ಟಲ್ಲಿ ನೀನು ಮದುಮಗಳಾಗಿ ಬಂದಾಗ ಗೀಟು ಹಾಕಿದ್ನಲ್ಲ, ಅದೇ ಅಳತೆ. ನೋಡಿದ್ಯಲ್ಲ, ಇನ್ನು ಕೆಳಗಿಡು.

ತಿರುಗಿಸ್ಬೇಡ.

ಸಾಯ್ಲಿಕ್, ತಿರುಗಿಸ್ಬೇಡಮ್ಮ. ಹಸಿ ತೊಗಲು, ಅಂಗೈ ಹಾಕಿ ಸವರಿದ್ರೆ ಕೂದಲು ಉದುರುತ್ತೆ. ಮೂತಿಯಿಂದ ಬಾಲಕ್ಕೆ ಯಾಕೆ ಸವರ್ತೀಯ, ಬೇಕಾದ್ರೆ ಈ ಕಡೆಯಿಂದ...

ಹಸಿ ಇದ್ದಾಗ ಹಾಗೇ. ಕೈಗೆ ತಡೆಯೋ ಹಾಗೆ ಅನ್ಸುತ್ತೆ. ಒಣಗಿದ ಮೇಲೆ ಮಲಗುತ್ತೆ.

ಹ್ಞೂ, ಇನ್ನೊಂದನ್ನೂ ನೋಡು. ನೋಡ್ಕೋ.

ಕಣ್ಣು ಮಬ್ಬು ಆಗಿದೆ ನಂಗೆ. ಒಲೆ ಹೊಗೆ ಬೇರೆ. ಒಂದು ಹಲಗೆಗೆ ತೊಗಲು ತಿರುವುಮುರುವಾದ್ರೆ ಅದನ್ನ ನೋಡ್ಕೊಂಡು ಇನ್ನೊಂದಕ್ಕೂ ಹಾಗೇ ಆಗುತ್ತಲ್ಲ, ಅದಕ್ಕೇ... ಅಷ್ಟೇ. ಬೇರೆ ಏನಿದೆ? ನಗು. ಮನ್ಲಾಯ್‌ಗೆ ನಕ್ಕೆಯಲ್ಲ ಈಗ ತಾನೆ. ಮುದುಕನಿಗೂ ನಗು. ಹೋಗಿ ನಿಮ್ಮತ್ತೆಗೆ ಹೇಳು, ಅವಳೂ ನಗ್ಲಿ.

ಬೈ ಬೇಕಾದ್ರೆ. ಮಾವ ಅಂತ ನೋಡ್ಬೇಡ.

ನನ್ನ ಕಣ್ಣು ಚೆನ್ನಾಗೇ ಇದೆ.

ನಾಳೆ ಅಂಗಳದಲ್ಲಿ ಎಲ್ಲರ ಮುಂದೆ ಕಟ್ಕೋತೀಯ, ಜಾರೋದಿಲ್ಲ, ಅಯ್ಯೋ ಕೈ ತಪ್ಪಿದೆ ಅಂತ ನಾನು ಬಿಚ್ಚಿ ಮತ್ತೆ ಹೊಲಿಯೋಕೆ ಕೂರಬಹುದಿತ್ತು. ಅಷ್ಟರಲ್ಲಿ ಆ ಮೋಡ ಇಳಿಯೋ ಹಾಗಾದ್ರೆ, ಹಿಮ ಬಿದ್ದು ಕಣಿವೆ ದಾರಿ ಮುಚ್ಕೊಳ್ಳೋ ಮೊದಲೇ ಅವರು ಹೋಗಿಬಿಡ್ತಾರೆ, ನೀನು ವಸಂತದವರೆಗೆ... ಊರೆಲ್ಲ ನಗ್ತಿತ್ತು. ನಗ್ಲಿ ಅಂದ್ಕೊಂಡೆ. ಮೊದಲನೇ ಜೋಡಿಗೂ ನೀರು ಕುದಿದಿರ್ಲಿಲ್ಲ. ಗಂಟೂ ಕಂಡಿತ್ತು. ಹೋಗಬೇಡ ಅಂತ ಒಂದು ಮಾತು ಅನ್ನೋಕೆ ನನ್ನ ಕೈಲಿ ಆಗ್ಲಿಲ್ಲ ಕಣಮ್ಮ. ಹೋಗು ಅಂತ ಊರ ಮುಂದೆ ಅಂದ ಬಾಯಿ ಇದು. ಹೋಗಬೇಡ ಅನ್ನೋ ಹಕ್ಕೂ ಇಲ್ಲ ನಂಗೆ. ನೀನು ಎರ್ತಿನೆ ಹೆಸರು ಬಂದಾಗ ಮುಖ ಆ ಕಡೆ ತಿರುಗಿಸ್ತೀಯಲ್ಲ, ನಗು ಕಾಣದ ಹಾಗೆ... ಅದೂ ನಂಗೆ ಕಂಡಿದೆ.

ಅದೇನು ಮಾಡ್ತಿದೀಯ? ಚಾಕು ಯಾಕೆ? ಹಲಗೆ ಸೀಳಬೇಡಮ್ಮ, ಮರದ್ದೇನು ತಪ್ಪು...

ಓ. ಹೊಲಿಗೆ.

ಅಲ್ಲಿಂದ ಅಲ್ಲ. ಬಾಲದ ಕಡೆಯಿಂದ ಬಿಚ್ಚಬೇಕು, ಅಲ್ಲಿ ಗಂಟು ಹಾಕಿದೀನಿ. ದಾರ ಕತ್ತರಿಸಬೇಡ, ಬಿಡಿಸು, ಮತ್ತೆ ಅದೇ ಬೇಕು. ಹಾಂ. ಹಸಿ ಇರೋವಾಗಲೇ ತಿರುಗಿಸಬೇಕು, ಒಣಗಿದ್ರೆ ಮುಗೀತು. ಕೊಡು ಇಲ್ಲಿ, ನೀನು ಮಾಡಿದ್ರೆ ಬೆಳಿಗ್ಗೆವರೆಗೆ ಆಗೋದಿಲ್ಲ. ಕೂದಲು ಬಾಲದ ಕಡೆಗೆ. ಗೊತ್ತು, ನೀನು ತೋರಿಸ್ಬೇಡ, ನಂಗೇ ಹೇಳಿಕೊಡ್ತಾಳೆ.

ಅಲ್ಲೇ ಕೂತ್ಕೋ, ಬೆಳಕಿಗೆ ಅಡ್ಡ ಆದ್ರೂ ಪರವಾಗಿಲ್ಲ. ತೊಗಲಿನ ಆ ತುದಿ ಹಿಡ್ಕೋ. ನಾನು ಎಳೆದಾಗ ಬಿಗಿ ಹಿಡಿ.

ಈಗ ಬಿಡು.