ಏಳನೆಯ ಹಾಡು

ಮಾನ್ಯ ಅಧ್ಯಕ್ಷರೇ, ಇಷ್ಟು ಹೊತ್ತು ನನ್ನನ್ನು ಹೊಗಳಿ ದಣಿದಿರುವ ಮುಖ್ಯ ಅತಿಥಿಗಳೇ, ಗಡಿಯಾರದ ಮೇಲೆ ಕಣ್ಣಿಟ್ಟು ಕೂತಿರುವ ಕಾರ್ಯದರ್ಶಿಗಳೇ, ನನ್ನ ಬೈಗುಳದಲ್ಲಿ ಬೆಂದು ಹದವಾದ ಕಲಾವಿದ ಮಿತ್ರರೇ, ಮತ್ತು ಬಾಗಿಲ ಹತ್ತಿರದ ಕುರ್ಚಿ ಹಿಡಿದಿರುವ ಜಾಣ ಸಭಿಕರೇ,

ಸನ್ಮಾನಕ್ಕೆ ಉತ್ತರ ಹೇಳುವವನು ಮೊದಲು "ನಾನು ಇದಕ್ಕೆ ಅರ್ಹನಲ್ಲ" ಎನ್ನಬೇಕು. ಆಗ ಸಭೆ "ಛೇ ಛೇ" ಎನ್ನಬೇಕು. ಇದು ಪದ್ಧತಿ. ನಲವತ್ತೆರಡು ವರ್ಷ ಸಂಗೀತ ನಾಟಕ ಆಡಿಸಿದವನಿಗೆ ಯಾವ ಮಾತಿಗೆ ಚಪ್ಪಾಳೆ ಬೀಳುತ್ತದೆ ಅನ್ನುವುದು ಗೊತ್ತಿರುತ್ತದೆ. ಆದ್ದರಿಂದ ಆ ಮಾತು ಹೇಳುವುದಿಲ್ಲ. ಅರ್ಹ ಅಂತಲೂ ಹೇಳುವುದಿಲ್ಲ. ಅದನ್ನು ಆಮೇಲೆ ನೋಡೋಣ.

ಈಗ ತಾನೇ ನನ್ನ ಕೈಗೆ ಒಂದು ಫಲಕ ಕೊಟ್ಟಿರಿ. ಭಾರವಾಗಿದೆ, ಅದಕ್ಕೇ ಮೇಜಿನ ಮೇಲೆ ಇಟ್ಟೆ, ಅಗೌರವದಿಂದಲ್ಲ. ಹಿಂದಿನ ಸಾಲಿನವರಿಗೆ ಕಾಣಲಿಕ್ಕಿಲ್ಲ, ಹೇಳುತ್ತೇನೆ. ನಡುವೆ ಒಬ್ಬ ಮನುಷ್ಯ ತಲೆ ಬಗ್ಗಿಸಿ ನಿಂತಿದ್ದಾನೆ. ಸುತ್ತ ಓಡುವ ಜನ. ನನ್ನ ರೈಲು ನಿಲ್ದಾಣದ ನಾಟಕದ ದೃಶ್ಯ ಅದು. "ಚಲನೆ ಎಂದರೇನು ಎಂದು ತೋರಿಸಲು ಒಬ್ಬನನ್ನು ನಿಲ್ಲಿಸಿದ ಮಹಾ ನಿರ್ದೇಶಕ" ಎಂದು ಅಭಿನಂದನಾ ಪತ್ರದಲ್ಲಿ ಬರೆದಿದ್ದೀರಿ. ಬಹಳ ಒಳ್ಳೆಯ ವಾಕ್ಯ. ಬರೆದವರಿಗೆ ಧನ್ಯವಾದ.

ನಾನು ಕುಣಿಯಲು ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ಕೆಳಗೆ ಒಂದು ಪ್ರೆಸ್ಸು. ಅಮ್ಮ ಆಸ್ಪತ್ರೆಯ ದಾದಿಯರ ಸಮವಸ್ತ್ರ ಹೊಲಿಯುತ್ತಿದ್ದಳು, ಕಾಲಲ್ಲಿ ತುಳಿಯುವ ಮಷೀನಿನಲ್ಲಿ. ಉದ್ದ ಹೊಲಿಗೆ ಬಂದರೆ ಒಂದು ತಾಳ, ಕಾಲರು ಬಂದರೆ ಇನ್ನೊಂದು. ಆ ತಾಳಕ್ಕೆ ನನ್ನ ತಮ್ಮ ಹಾಡುತ್ತಿದ್ದ, ನಾನು ಕುಣಿಯುತ್ತಿದ್ದೆ. ಎರಡನೇ ಮಹಡಿಯ ಗುಮಾಸ್ತರು ಪೊರಕೆ ಹಿಡಿಯಿಂದ ಸೂರು ಬಡಿಯುತ್ತಿದ್ದರು. ನನ್ನ ಕಲೆಗೆ ಸಿಕ್ಕ ಮೊದಲ ವಿಮರ್ಶೆ ಅದು. ಅಮ್ಮ ಮಾತ್ರ ಮಷೀನು ನಿಲ್ಲಿಸದೆ, "ಅವನ ಕಾಲು, ಇವನ ಗಂಟಲು, ಎರಡೂ ಸೇರಿದ್ರೆ ಒಬ್ಬ ಪೂರ್ತಿ ಮನುಷ್ಯ" ಅನ್ನುತ್ತಿದ್ದಳು.

ನಾನು ತಂಡ ಕಟ್ಟಿದಾಗ ತಮ್ಮ ಬಾರದೆ ಇರುತ್ತಾನೆಯೇ? ಬಂದ. ಗುಂಪಿನಲ್ಲಿ ಹಾಡಿದ. ಒಂದು ವರ್ಷ, ಎರಡು ವರ್ಷ ಅಲ್ಲ ಸ್ವಾಮಿ, ಹನ್ನೊಂದು ವರ್ಷ ಗುಂಪಿನಲ್ಲಿ ಹಾಡಿದ. ನಿರ್ದೇಶಕನ ತಮ್ಮ ಅಂತ ಯಾರೂ ಬೆರಳು ತೋರಿಸಬಾರದು ಅಂತ ನಾನೇ ಅವನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ. ಅವನೂ ಕೇಳಲಿಲ್ಲ. ಕೇಳದವರಿಗೆ ಕೊಡುವುದು ಅಂದರೆ ನಮಗೆಲ್ಲ ಸ್ವಲ್ಪ ಸೋಮಾರಿತನ, ಅಲ್ಲವೇ?

ಇಲ್ಲಿ ಕೂತಿರುವ ನನ್ನ ಹುಡುಗ ಹುಡುಗಿಯರು, ಈಗ ಅಜ್ಜ ಅಜ್ಜಿಯರಾಗಿದ್ದೀರಿ, ಇರಲಿ, ನನ್ನ ಬೆನ್ನ ಹಿಂದೆ ನನ್ನನ್ನು ಕತ್ತರಿ ಮೇಷ್ಟ್ರು ಅನ್ನುತ್ತಿದ್ದಿರಿ. ನಗಬೇಡಿ, ಗೊತ್ತು ನನಗೆ. ಯಾವ ನಾಟಕದಲ್ಲೇ ಆಗಲಿ ಒಂದು ಹಾಡು ಹೆಚ್ಚಿಗೆ ಇರುತ್ತದೆ ಅನ್ನುವುದು ನನ್ನ ಸಿದ್ಧಾಂತ. ಕೊನೆಯ ತಾಲೀಮು ಮುಗಿಯುವವರೆಗೂ ಅದು ಯಾವುದು ಅಂತ ತಿಳಿಯುವುದಿಲ್ಲ. ತಿಳಿದ ಮೇಲೆ ಕರುಣೆ ಇಲ್ಲ, ಕತ್ತರಿಯೇ. ಅದಕ್ಕೊಂದು ನಿಯಮವನ್ನೂ ಮಾಡಿದ್ದೆ. ಯಾರ ಹಾಡು ಹೋಯಿತೋ ಅವರಿಗೆ ಆ ಸುದ್ದಿಯನ್ನು ನಾನೇ, ಎದುರು ನಿಂತು, ಮುಖ ನೋಡಿ ಹೇಳಬೇಕು. ಬೇರೆ ಯಾರೂ ತುಟಿ ಬಿಚ್ಚಬಾರದು. ಬಿಚ್ಚಿದವರು ತಂಡದಿಂದ ಹೊರಗೆ. ಒಳ್ಳೆಯ ನಿಯಮ. ಮಾನವಂತರ ನಿಯಮ.

ಹಾಂ, ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. "ದಯವಿಟ್ಟು ಸಂಕ್ಷಿಪ್ತವಾಗಿ." ಆಗಲಿ ಸ್ವಾಮಿ. ಎಂಟು ಗಂಟೆಗೆ ಸಭಾಂಗಣ ಬಿಟ್ಟುಕೊಡಬೇಕು, ಬಲ್ಲೆ.

ರೈಲು ನಿಲ್ದಾಣದ ನಾಟಕಕ್ಕೆ ಬರುತ್ತೇನೆ. ಅದರಲ್ಲಿ ಒಬ್ಬ ಹಮಾಲಿಯ ಪಾತ್ರ. ಊರವರೆಲ್ಲರ ಪೆಟ್ಟಿಗೆ ಹೊತ್ತು ರೈಲು ಹತ್ತಿಸುತ್ತಾನೆ, ತಾನು ಒಂದು ದಿನವೂ ಹತ್ತಿದವನಲ್ಲ. ಏಳನೆಯ ಹಾಡು ಅವನದು. "ಎಲ್ಲರ ಪೆಟ್ಟಿಗೆ ಹೊತ್ತೆ, ನನ್ನದೆಲ್ಲಿ ಇಟ್ಟೆ" ಅಂತ ಶುರು. ಮೂರೂವರೆ ನಿಮಿಷ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ತಮ್ಮನಿಗೆ ಒಂಟಿ ಹಾಡು ಸಿಕ್ಕಿತು. ಅಮ್ಮ ಅವನಿಗೊಂದು ಕಂದು ಬಣ್ಣದ ಕೋಟು ಹೊಲಿದಳು. ಪೆಟ್ಟಿಗೆ ಹೊತ್ತು ಸವೆದಂತೆ ಕಾಣಲಿ ಅಂತ ಹೆಗಲಿಗೆ ತೇಪೆಯನ್ನೂ ಹಾಕಿದಳು.

ಕೊನೆಯ ತಾಲೀಮಿನ ನಂತರ ನಾನು ಏಳನೆಯ ಹಾಡಿಗೆ ಕತ್ತರಿ ಹಾಕಿದೆ.

ಯಾಕೆ? ನಾಟಕ ಇರಬೇಕಾದ್ದಕ್ಕಿಂತ ಹನ್ನೆರಡು ನಿಮಿಷ ಉದ್ದವಾಗಿತ್ತು. ಎಂಟನೆಯದು ಹದಿನಾರು ಜನರ ಕುಣಿತ. ರೈಲು ಬಂತು, ಎಲ್ಲರೂ ಓಡಬೇಕು. ಅದಕ್ಕೆ ಮುಂಚೆ ಒಬ್ಬ ನಿಂತು ಹಾಡಿದರೆ ವೇಗ ಸಾಯುತ್ತದೆ. ಎಲ್ಲ ಸಂದರ್ಶನಗಳಲ್ಲೂ ನಾನು ಕೊಟ್ಟ ಕಾರಣ ಇದು. ಇದೂ ಸುಳ್ಳಲ್ಲ. ಆದರೆ ಹನ್ನೆರಡು ನಿಮಿಷವನ್ನು ಮೂರೂವರೆ ನಿಮಿಷದ ಹಾಡು ತೆಗೆದು ಸರಿಮಾಡಿದಿರಾ ಅಂತ ಯಾವ ಪತ್ರಕರ್ತನೂ ಕೇಳಲಿಲ್ಲ. ಲೆಕ್ಕದಲ್ಲಿ ನಮ್ಮ ಪತ್ರಕರ್ತರು ಅಷ್ಟಕ್ಕಷ್ಟೆ.

ತಾಲೀಮಿನಲ್ಲಿ ಅವನು ಆ ಹಾಡು ಮುಗಿಸಿದಾಗ ಪಿಟೀಲಿನವರು ಕಮಾನು ತೊಡೆಯ ಮೇಲಿಟ್ಟು ಚಪ್ಪಾಳೆ ತಟ್ಟಿದರು. ನನ್ನ ಕುಣಿತಕ್ಕೆ ಅವರು ಯಾವತ್ತೂ ಕಮಾನು ಕೆಳಗಿಟ್ಟವರಲ್ಲ. ಆ ಮೂರೂವರೆ ನಿಮಿಷದಲ್ಲಿ ನನ್ನದು ಅಂತ ಒಂದು ಹೆಜ್ಜೆಯೂ ಇರಲಿಲ್ಲ ಸಭಿಕರೇ. ಅವನು ಸುಮ್ಮನೆ ನಿಂತಿದ್ದ. ನಿಂತು ಹಾಡಿದ. ಅಷ್ಟಕ್ಕೇ ಸಾಕಾಯಿತು.

ಇದನ್ನು ಬರೆದು ತಂದಿರಲಿಲ್ಲ. ಬಾಯಿಗೆ ಬಂತು. ಇರಲಿ.

ಮಾರನೆಯ ದಿನ ಮೊದಲ ಪ್ರದರ್ಶನ. ವಾದ್ಯದವರಿಗೆ ಹೇಳಿದೆ, ದೀಪದವರಿಗೆ ಹೇಳಿದೆ, ಹದಿನಾರು ಜನ ಕುಣಿಯುವವರಿಗೆ ಹೇಳಿದೆ. ಆಮೇಲೆ ತಮ್ಮನಿಗೆ ಹೇಳಲು ಬಣ್ಣದ ಕೋಣೆಗೆ ಹೋದೆ. ಅವನು ಕೋಟು ತೊಟ್ಟು ಕನ್ನಡಿ ಮುಂದೆ ಕೂತಿದ್ದ. ತಿರುಗಲಿಲ್ಲ. ಕನ್ನಡಿಯೊಳಗಿಂದಲೇ, "ಅಣ್ಣ, ಅಮ್ಮ ಎಲ್ಲಿ ಕೂತಿದಾಳೆ?" ಅಂದ. "ಮೂರನೇ ಸಾಲು, ನಡುವೆ" ಅಂದೆ. "ಒಬ್ಳೇನಾ?" "ಇಲ್ಲ ಕಣೋ, ಕೆಳಗಿನ ಮನೆ ಗುಮಾಸ್ತರನ್ನೂ ಎಳ್ಕೊಂಡು ಬಂದಿದಾಳೆ." ಅವನು ನಕ್ಕ. ಪೊರಕೆ ತಂದಿದಾರಾ ನೋಡು, ಅಂದ. ನಾನೂ ನಕ್ಕೆ. ನಕ್ಕು ಬಾಗಿಲು ಮುಂದಕ್ಕೆ ಎಳೆದುಕೊಂಡು ಬಂದುಬಿಟ್ಟೆ.

ಉಳಿದವರು ಯಾರೂ ಹೇಳಲಿಲ್ಲ. ನನ್ನ ನಿಯಮ ಇತ್ತಲ್ಲ! ಐವತ್ತು ಜನ ನನ್ನ ನಿಯಮವನ್ನು ಅಕ್ಷರಶಃ ಪಾಲಿಸಿದರು.

ಆರನೆಯ ಹಾಡು ಮುಗಿಯಿತು. ಅವನು ತನ್ನ ಜಾಗಕ್ಕೆ ಬಂದು ನಿಂತ. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾನೇ ಗುರುತು ಹಾಕಿದ್ದೆ, ಅಳಿಸಿರಲಿಲ್ಲ. ದೀಪ ಅವನ ಮೇಲೆ ಬೀಳಲಿಲ್ಲ. ಎಂಟನೆಯ ಕುಣಿತದ ವಾದ್ಯ ಶುರುವಾಯಿತು. ಹಾಡಲು ಎಳೆದುಕೊಂಡ ಉಸಿರನ್ನು ಅವನು ಹಾಗೇ ಹಿಡಿದಿದ್ದ. ಪಕ್ಕದಿಂದ ನೋಡುತ್ತಿದ್ದೆನಲ್ಲ, ಎದೆ ಉಬ್ಬಿದ್ದು ನನಗೆ ಕಾಣುತ್ತಿತ್ತು. ಹದಿನಾರು ಜನ ನುಗ್ಗಿದರು, ಅವನ ಎರಡೂ ಪಕ್ಕದಲ್ಲಿ ಹಾದು ಓಡಿದರು. ಯಾರದೋ ಮೊಣಕೈ ಅವನ ಕೆನ್ನೆಗೆ ತಗುಲಿತು. ಅವನು ತಲೆ ಬಗ್ಗಿಸಿದ. ಕುಣಿತ ಮುಗಿಯುವವರೆಗೂ ಹಾಗೇ ನಿಂತಿದ್ದು, ಕತ್ತಲೆಯಾದಾಗ ಒಳಗೆ ಹೋದ.

ಮಾರನೆಯ ಬೆಳಿಗ್ಗೆ ಪತ್ರಿಕೆಯಲ್ಲಿ ಏನು ಬಂತು ಗೊತ್ತೇ? "ಓಡುವ ಜಗತ್ತಿನ ನಡುವೆ ನಿಂತ ಮನುಷ್ಯ, ನಿರ್ದೇಶಕರ ಅಪೂರ್ವ ಕಲ್ಪನೆ."

ಕಲ್ಪನೆ! ನಾನು ಇಲ್ಲ ಅನ್ನಲಿಲ್ಲ. ಇಲ್ಲ ಅನ್ನದೆ, ಎರಡನೇ ಪ್ರದರ್ಶನದಿಂದ ಆ ಕೋಟನ್ನು ಬೇರೆಯವನಿಗೆ ತೊಡಿಸಿ ಅದೇ ಗುರುತಿನ ಮೇಲೆ ನಿಲ್ಲಿಸಿದೆ. ತಲೆ ಯಾವಾಗ ಬಗ್ಗಿಸಬೇಕು ಅಂತ ಎಣಿಕೆ ಹಾಕಿ ಕಲಿಸಿದೆ. ಇನ್ನೂರ ಹನ್ನೆರಡು ಪ್ರದರ್ಶನ. ಅಲ್ಲಿಂದ ನನ್ನ ಹೆಸರು ಬೆಳೆಯಿತು. ಆಮೇಲಿನದೆಲ್ಲ ನೀವು ಪತ್ರದಲ್ಲಿ ಓದಿದಿರಿ.

ಆ ಮೊದಲ ದಿನ ಮನೆಗೆ ಹೋದಾಗ ಅಮ್ಮ ಕೇಳಿದಳು. "ನಿನ್ನ ತಮ್ಮನ ಹಾಡಿಗೆ ಕಾಯ್ತಾನೇ ಇದ್ದೆ ಕಣೋ. ಬರಲೇ ಇಲ್ವಲ್ಲ? ನಾನೇನಾದ್ರೂ ನಿದ್ದೆ ಮಾಡಿಬಿಟ್ನಾ?" ನಾನು ಬಾಯಿ ತೆರೆಯುವ ಮುಂಚೆ ತಮ್ಮ ಹೇಳಿದ. "ಹೂಂ ಅಮ್ಮ, ಸ್ವಲ್ಪ ತೂಕಡಿಸ್ತಿದ್ದೆ ನೀನು. ಆಗ್ಲೇ ಬಂದು ಹೋಯ್ತು. ಚೆನ್ನಾಗೇ ಹಾಡ್ದೆ." ಅಮ್ಮ ಸಾಯುವವರೆಗೂ ಬಂದವರಿಗೆಲ್ಲ ಹೇಳಿಕೊಂಡು ಅತ್ತಳು, ಮಗನ ಹಾಡಿನ ಹೊತ್ತಿಗೆ ಸರಿಯಾಗಿ ನಿದ್ದೆ ಮಾಡಿದ ಪಾಪಿ ನಾನು ಅಂತ. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ.

ತಮ್ಮ ತಂಡ ಬಿಟ್ಟ. ಕೆಳಗಿನ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ. "ಈಗ ನನ್ನ ಕೈಗೂ ಕತ್ತರಿ ಬಂತು ಅಣ್ಣ" ಅಂತ ತಮಾಷೆ ಮಾಡಿದ. ನನ್ನ ನಾಟಕಗಳ ಕರಪತ್ರಗಳು ಅಲ್ಲೇ ಅಚ್ಚಾಗುತ್ತಿದ್ದವು. "ನಿಂತ ಮನುಷ್ಯನ ಖ್ಯಾತಿಯ ನಿರ್ದೇಶಕ" ಅಂತ ಪ್ರತಿ ಕರಪತ್ರದಲ್ಲೂ ಇರುತ್ತಿತ್ತು. ಅವನೇ ತಿದ್ದಿ ಕಳಿಸುತ್ತಿದ್ದ. ಒಂದಕ್ಷರ ತಪ್ಪಿರುತ್ತಿರಲಿಲ್ಲ. ಮತ್ತೆ ರಂಗಮಂದಿರದ ಮೆಟ್ಟಿಲು ಮಾತ್ರ ಹತ್ತಲಿಲ್ಲ. ಪ್ರತಿ ಹೊಸ ನಾಟಕದ ಮಾರನೆಯ ದಿನ ಕೇಳುತ್ತಿದ್ದ, "ಈ ಸಲ ಯಾವ್ದು ಕತ್ತರಿಸ್ದೆ ಅಣ್ಣ? ಅವರಿಗೆ ಹೇಳಿದೆ ತಾನೇ?" ಕೋಪದಿಂದಲ್ಲ. ಊಟ ಆಯ್ತಾ ಅಂತ ಕೇಳುವ ಹಾಗೆ.

ಹೋದ ವರ್ಷ ಅವನು ತೀರಿಕೊಂಡ. ಅವನ ಮಗಳು ಬಂದು, "ದೊಡ್ಡಪ್ಪ, ಅಪ್ಪ ಹಾಸಿಗೆ ಹಿಡಿದ ಮೇಲೆ ನನಗೊಂದು ಹಾಡು ಕಲಿಸಿದ್ರು. ನಿಮ್ಮ ನಾಟಕದ್ದಂತೆ. ಯಾವ ನಾಟಕದಲ್ಲಿ ಇತ್ತು, ನಾನು ಕೇಳೇ ಇಲ್ವಲ್ಲ?" ಅಂದಳು. "ಹಳೇದು" ಅಂದೆ. ನಿಮ್ಮ ಸನ್ಮಾನದ ದಿನ ಹಾಡಲಾ ಅಂದಳು. ನಾನು ಈ ಸಂಘಕ್ಕೆ ಕೇಳಿಕೊಂಡದ್ದು ಅದೊಂದನ್ನೇ. ನನ್ನ ಮಾತಿನ ನಂತರ ಮೂರೂವರೆ ನಿಮಿಷ. ಅವತ್ತು ಕಮಾನು ಕೆಳಗಿಟ್ಟ ಪಿಟೀಲಿನವರಲ್ಲಿ ಒಬ್ಬರು ಉಳಿದಿದ್ದಾರೆ, ನುಡಿಸಲು ಬಂದಿದ್ದಾರೆ.

ಇನ್ನೊಂದು ಚೀಟಿ. ಓದುತ್ತೇನೆ. "ಸಮಯದ ಅಭಾವದಿಂದ ಗಾಯನವನ್ನು ಕೈಬಿಡಲಾಗಿದೆ. ತಮ್ಮ ಭಾಷಣದ ನಂತರ ನೇರವಾಗಿ ವಂದನಾರ್ಪಣೆ."

ಕಾರ್ಯದರ್ಶಿಗಳೇ, ಅವಳಿಗೆ ಯಾರಾದರೂ ಹೇಳಿದ್ದೀರಾ?

ತಲೆ ತಗ್ಗಿಸಬೇಡಿ. ಬೈಯುತ್ತಿಲ್ಲ. ಹೇಳಿದ್ದೀರಾ? ಇಲ್ಲ. ನನಗೆ ಇಲ್ಲಿಂದ ಅವಳು ಕಾಣುತ್ತಾಳೆ, ಎಡಗಡೆ ಪರದೆಯ ಪಕ್ಕ. ನಾನು ಮಾತು ಶುರುಮಾಡಿದಾಗ ನಗುತ್ತಾ, ಈಗಲಾ ಈಗಲಾ ಅಂತ ಕೈಸನ್ನೆ ಮಾಡುತ್ತಿದ್ದಳು. ಈಗ ನಗುತ್ತಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಅವಳ ಅಪ್ಪ ಇದನ್ನು ಅವಳಿಗೆ ಹೇಳಿರಲಿಲ್ಲ. ಅಮ್ಮನ ಮುಂದೆ ನನ್ನನ್ನು ಕಾಪಾಡಿದ ಹಾಗೆ ಮಗಳ ಮುಂದೆಯೂ ಕಾಪಾಡಿದ್ದ. ನಾನೇ ಹೇಳಬೇಕಾಗಿತ್ತು, ಎದುರು ನಿಂತು, ಮುಖ ನೋಡಿ. ಇಷ್ಟು ಜನರ ನಡುವೆ ನಿಂತು ಹೇಳಿದೆ. ಆ ಧೈರ್ಯವೂ ನನ್ನದಲ್ಲ, ಮೈಕಿನದು.

ಸಭಿಕರೇ, ನನ್ನ ಕೈಯಲ್ಲಿ ಇನ್ನೂ ಐದು ಪುಟ ಇದೆ. ವಿದೇಶ ಪ್ರವಾಸ, ಪ್ರಶಸ್ತಿ, ಮುಂದಿನ ಪೀಳಿಗೆಗೆ ಕಿವಿಮಾತು. ಹೆಚ್ಚಿಗೆ ಇರುವುದು ಯಾವುದು ಅಂತ ನನಗೆ ಈಗ ತಿಳಿಯಿತು. ಈ ಐದು ಪುಟವನ್ನು ಕತ್ತರಿಸಿದ್ದೇನೆ. ವಂದನಾರ್ಪಣೆಯವರೂ ಕ್ಷಮಿಸಬೇಕು. ಗಡಿಯಾರದಲ್ಲಿ ನಾಲ್ಕು ನಿಮಿಷ ಇದೆ.

ಮಗಳೇ, ಹಾಡಿಗೆ ಕತ್ತರಿ ಬಿದ್ದಿಲ್ಲ. ಹಾಡುವುದು ಬಿಡುವುದು ನಿನ್ನ ಇಷ್ಟ. ದೀಪದವರೇ, ನಡುವೆ ಬೆಳಕು ಬಿಡಿ. ಪಿಟೀಲಿನವರು ಅವಳು ಉಸಿರು ಎಳೆದುಕೊಳ್ಳುವವರೆಗೆ ಕಾಯಲಿ. ಸಭಿಕರಲ್ಲಿ ಒಂದೇ ಪ್ರಾರ್ಥನೆ. ಅವಳು ಬಂದು ಹಾಡದೆ ಸುಮ್ಮನೆ ನಿಂತುಬಿಟ್ಟರೆ, ದಯವಿಟ್ಟು ಅದನ್ನು ಯಾರೂ ಕಲ್ಪನೆ ಅನ್ನಬೇಡಿ.

ಕರೆದಿರಿ, ಕೂರಿಸಿದಿರಿ, ಕೇಳಿದಿರಿ. ಋಣಿ. ಈ ಫಲಕವನ್ನು ಇಲ್ಲೇ ಬಿಟ್ಟು ಹೋಗುತ್ತೇನೆ, ಅದರಲ್ಲಿ ಇರುವವನು ನಾನಲ್ಲ. ಎಲ್ಲರಿಗೂ ನಮಸ್ಕಾರ.