ಒಂದು ಮೊರ ತೌಡಿನ ಕೂಸು

ನಗಬ್ಯಾಡ ಗಂಗಾ... ಅತ್ತೆ ಮಾತಿಗೆ ಹಿಂಗೆ ಸೆರಗು ಬಾಯಿಗಿಟ್ಕೊಂಡು ನಗ್ತಾರೇನು? ಕೂಸಿನ ಹೆಸರು ತಿಪ್ಪಮ್ಮ. ಹೂಂ, ತಿಪ್ಪಮ್ಮಾನೇ! ನಗಾಕೆ ಏನೈತೆ ಅದ್ರಾಗೆ? ನಿನ್ನ ಗಂಡನ ಹೆಸರೇನು, ಹೇಳು ನೋಡಾನ. ಹೇಳಲ್ಲ... ಗಂಡನ ಹೆಸರು ಹೇಳಬಾರದು ಅಂತಾನೋ, ನಗು ಬರ್ತೈತೆ ಅಂತಾನೋ? ನಾನೇ ಹೇಳ್ತೀನಿ ಬಿಡು. ತಿಪ್ಪೇಶಿ! ಇವನಿಗಿಂತ ಮುಂಚೆ ಮೂರು ಹೆತ್ತು, ಮೂರನ್ನೂ ಮಣ್ಣಿಗೆ ಕೊಟ್ಟಿದ್ದೆ ಕಣವ್ವ. ನಾಲ್ಕನೇದು ಇವನು. ಹದಿಮೂರನೇ ದಿನ ಮೊರದಾಗೆ ಮಲಗಿಸಿ ತಿಪ್ಪೆ ಮೇಲಿಟ್ವಿ. ಪಕ್ಕದ್ಮನೆ ದುರುಗಕ್ಕನ ಅತ್ತೆ ಬಂದು, ‘ಅಯ್ಯೋ, ಯಾರೋ ಬಿಸಾಕಿ ಹೋದ ಕೂಸು’ ಅಂತ ಎತ್ಕೊಂಡ್ಲು. ನಾನು ಒಂದು ಮೊರ ತೌಡು ಕೊಟ್ಟು ವಾಪಸ್ ಕೊಂಡ್ಕೊಂಡೆ. ತೌಡಿಗೆ ಕೊಂಡ ಕೂಸು, ತಿಪ್ಪೆ ಹೆಸರಿನ ಕೂಸು... ಯಾವ ಜವರಾಯ ತಾನೇ ಕಣ್ಣೆತ್ತಿ ನೋಡ್ತಾನೆ? ಈಗ ಕೋಣ ಬೆಳೆದಂಗೆ ಬೆಳೆದಾನೆ.

ಇವತ್ತು ಎತ್ಕೊಳ್ಳಾಕೆ ದುರುಗಕ್ಕ ಆಗ್ಲೇ ಕೊಟ್ಟಿಗೆ ಹಿಂದೆ ತಿಪ್ಪೆ ಹತ್ರ ಬಂದು ಕುಂತಾಳೆ. ಮೊರ ಸಾರಿಸಿಟ್ಟೀನಿ, ತೌಡು ತುಂಬಿಟ್ಟೀನಿ. ತಿಪ್ಪೇಶಿ ನ್ಯಾಮತಿಯಿಂದ ಹೂವು ಸಕ್ಕರೆ ತರೋದ್ರೊಳಗೆ ಈ ಕೂಸಿಗೂ ಇದೊಂದು ಮುಗಿಸಿಬಿಡಾನ. ನೀನು ಹೂಂ ಅನ್ನು ಸಾಕು.

ಏನದು, ಕ್ಯಾಲೆಂಡರ್ ಹಾಳೆ? ಎಪ್ಪತ್ತೆಂಟನೇ ಇಸವಿ ಮುಗಿಯೋದೇ ಕಾಯ್ತಿದ್ದೆಯೇನು, ಹಿಂದೆ ಹೆಸರು ಬರೆಯಾಕೆ? ಓದು, ಓದು. ಏಳನೇ ಕ್ಲಾಸು ಪಾಸಾದಾಕೆ... ಅಮೃತಾ. ಹೂಂ. ಹಂಗಂದ್ರೆ ಏನು? ... ಏಯ್! ಬಿಡ್ತು ಅನ್ನು! ಮೂರು ಸಲ ಬಿಡ್ತು ಅನ್ನು! ಸಾವಿಲ್ಲದಾಕೆ ಅಂತೆ! ತೊಟ್ಟಿಲಿಗೆ ಹಾಕೋ ದಿನ ಆ ಮಾತು ಬಾಯಾಗೆ ತರ್ತಾರೇನೇ?

ಹೆಸರಿನ ಅರ್ಥ ಕಟ್ಕೊಂಡು ಏನು ಮಾಡ್ತೀಯ? ಹೆಸರು ಗಂಗಾಭವಾನಿ, ಕುಡಿಯಾಕೆ ನೀರಿಲ್ಲ ಅಂತ ಗಾದೆ ಕೇಳಿಲ್ವಾ? ನಿನ್ನನ್ನೇ ನೋಡ್ಕೋ. ಶಿವಗಂಗಮ್ಮ! ಬಾವಿ ಸೇದಿ ಸೇದಿ ಅಂಗೈ ತುಂಬಾ ಬೊಬ್ಬೆ. ನಾನು ಭೀಮಕ್ಕ! ಒಂದು ಹಲ್ಲಿ ಮೈಮೇಲೆ ಬಿದ್ರೆ ಬೀದಿಗೆ ಓಡ್ತೀನಿ. ಹೂಂ, ನಗು, ನಗು...

ಏನಂದೆ? ಅರ್ಥಕ್ಕೆ ಬೆಲೆಯಿಲ್ಲ ಅಂದ್ಮೇಲೆ ಅಮೃತಾ ಅಂತ ಇಟ್ರೂ ನಷ್ಟ ಏನೈತೆ ಅಂತೀಯಾ?

ಬಾಯಿ ಬಾಯಿ! ಓದಿದೋರ ಹತ್ರ ಮಾತಾಡಬಾರದು. ನಷ್ಟ ಐತವ್ವ. ಹೋದ ವರ್ಷ ನೋಡಲಿಲ್ವಾ? ನೀನೇ ಆರಿಸಿದ್ದಲ್ಲ, ಚಿರಂಜೀವಿ ಅಂತ? ಊರೆಲ್ಲಾ ಕೇಳಂಗೆ ಕರೆದ್ವಿ. ಬದುಕಿದ್ದು ಇಪ್ಪತ್ತೆರಡು ದಿನ. ಆ ಹೆಸರೇ ಕಣೇ ನನ್ನ ಮೊಮ್ಮಗನ್ನ ತಿಂದಿದ್ದು! ಇಲ್ಲೊಂದು ಸಾಯದ ಕೂಸೈತೆ ಬಾ ಅಂತ ಬಾಗಿಲು ತೆಗೆದು ಕರೆದಂಗಾತು. ಅಳಬ್ಯಾಡ. ನಾನೇನು ನಿನ್ನ ಬಯ್ಯಾಕೆ ಹೇಳಿದ್ನಾ? ಅಳಬ್ಯಾಡ ತಾಯಿ, ಬಾಣಂತಿ ಅಳಬಾರದು.

ಬ್ಯಾಡ, ಬ್ಯಾಡ, ಈಗ ಎತ್ಕೋಬ್ಯಾಡ! ನನ್ನ ಮಡಿಲಾಗೇ ಇರ್ಲಿ. ಈಗ ನಿದ್ದೆ ಹತ್ತೈತೆ. ಹಾಲು? ಆಮೇಲೆ ಕುಡಿಸೀಯಂತೆ. ಬೆಳಗಿಂದ ಕುಡಿದಿಲ್ಲ ಅಂದ್ರೆ ಹಸಿವಿಲ್ಲ ಅಂತ ತಾನೇ? ಎರಡು ಕಂಬಳಿ ಯಾಕಾ? ಥಂಡಿ ಕಣೇ. ಯುಗಾದಿ ಆದ್ಮೇಲೆ ಎಲ್ಲಿ ಥಂಡಿ ಅಂದ್ರೆ... ಕೂಸಿಗೆ ಇರ್ತೈತೆ ಥಂಡಿ! ನಿನಗೇನು ಗೊತ್ತು, ನಾನು ಐದು ಹೆತ್ತಾಕೆ.

ಮೊದಲು ತಿಪ್ಪೆ ಮೇಲಿಟ್ಟು ಬಂದುಬಿಡಾನ. ತಡ ಮಾಡಬ್ಯಾಡ. ಒಂದು ಗಳಿಗೆ ಕೆಲಸ. ಹೆಸರು ಇಟ್ಬಿಟ್ರೆ ಎಲ್ಲಾ ಸರಿ ಹೋಗ್ತೈತೆ. ಏನು ಸರಿ ಹೋಗ್ತೈತಾ? ಏನೂ ಆಗಿಲ್ಲ, ಸುಮ್ನೆ ಅಂದೆ... ಹಂಗ್ಯಾಕೆ ನೋಡ್ತೀಯ?

ಗಂಗಾ, ಕೂಸನ್ನ ಇಷ್ಟು ಬಿಗಿಯಾಗಿ ಯಾಕೆ ಹಿಡ್ಕೊಂಡೀನಿ ಅಂತ ನೋಡ್ತಿದೀಯಾ? ಜಾರೀತು ಅಂತ. ಇಲ್ಲ ಕಣೇ... ಹೆದರಿಕೆ. ಹೆಸರೇ ಕೊಂದಿದ್ದು ಅಂತ ಒಂದು ಸಲ ಹೇಳು ನೀನು. ‘ಹೂಂ ಅತ್ತೆ, ಚಿರಂಜೀವಿ ಅಂತ ಇಟ್ಟಿದ್ದೇ ತಪ್ಪಾತು’ ಅನ್ನು. ಅನ್ನೇ! ಅಷ್ಟೇ ಸಾಕು ನನಗೆ.

ಕೈ ಯಾಕೆ ಚಾಚ್ತೀಯ?

ಮಾತಾಡೇ. ಹೆಸರು ಕೊಲ್ಲಾಕಿಲ್ಲ ಅಂತಾನಾದ್ರೂ ಅನ್ನು... ಬ್ಯಾಡ! ಹಂಗನ್ನಬ್ಯಾಡ. ಹೆಸರಲ್ಲ ಅಂದ್ರೆ... ಮತ್ಯಾರು?

ಹೋದ ವರ್ಷದ್ದು ನಿನಗೆ ಗೊತ್ತಿತ್ತಾ? ನರ್ಸಮ್ಮ ಹೇಳಿದ್ಲಾ? ಇಲ್ಲ... ನೀನು ಒಳಗೇ ಕೇಳಿಸ್ಕೊಂಡಿದ್ದೆ. ಅಯ್ಯೋ ಶಿವನೇ. ಒಂದು ವರ್ಷ ಗಂಗಾ! ಒಂದು ವರ್ಷ ಹಿಂಗೇ ಸುಮ್ನೆ ನನ್ನ ತಟ್ಟೆಗೆ ಮುದ್ದೆ ಹಾಕಿದ್ಯಾ?

ಹೂಂ. ಅವತ್ತು ನರ್ಸಮ್ಮ ಬಾಗಿಲಾಗೆ ನಿಂತು, ‘ಅಜ್ಜಿ, ಜ್ವರ ಜೋರೈತೆ, ಇವತ್ತೇ ಹೊನ್ನಾಳಿ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ’ ಅಂದ್ಲು. ನಾನು ಒಳಗೆ ಬಂದು, ಏನೂ ಇಲ್ವಂತೆ ಅಂದೆ. ಚೌಡಮ್ಮನ ದಾರ ಕಟ್ಟಿದೆ. ಹಸಿ ಬಾಣಂತೀನ ಬಸ್ಸಿನ ಗಾಳಿಗೆ ಕಳಿಸಬಾರದು ಅಂತ... ನನ್ನ ಮೊದಲನೇದನ್ನ ಆಸ್ಪತ್ರೆಗೆ ಒಯ್ದೋರು ಬರೀ ಬಟ್ಟೆ ತಂದುಕೊಟ್ಟಿದ್ರು ಕಣೇ, ಆ ಹೆದರಿಕೆ ನನಗೆ! ಬೆಳಗಾದ್ರೆ ಇಳೀತೈತೆ ಅಂದ್ಕೊಂಡೆ. ಬೆಳಗಾತು...

ಬಯ್ಯಿ. ಎರಡು ಹೊಡಿ ಬೇಕಾದ್ರೆ. ಹಿಂಗೆ ಸುಮ್ನೆ ಕೈ ಚಾಚ್ಕೊಂಡು ನಿಲ್ಲಬ್ಯಾಡ.

ತಗೋ.

ಕಂಬಳಿ ಸರಿಸಿ ಮುಟ್ಟಿ ನೋಡು. ಸುಡ್ತೈತೆ... ಬೆಳಗಿನ ಜಾವದಿಂದ ಸುಡ್ತೈತೆ. ತಿಪ್ಪೆ ಮೇಲಿಟ್ರೆ ಇಳೀತೈತೆ ಅಂತ, ಹೆಸರು ಇಟ್ಬಿಟ್ರೆ ಇಳೀತೈತೆ ಅಂತ... ಹೇಳಾಕೆ ಬಾಯೇ ಬರಲಿಲ್ಲ.

ಹಾರ್ನ್ ಕೇಳಿಸ್ತಾ? ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗೋ ಬಸ್ಸು, ನಮ್ಮ ಸವಳಂಗದ ಸ್ಟ್ಯಾಂಡಿನಾಗೆ ಐದು ನಿಮಿಷ ನಿಲ್ತೈತೆ. ಓಡು! ಕಿವಿಗೆ ಬಟ್ಟೆ ಕಟ್ಕೋ... ಬ್ಯಾಡ, ಏನೂ ಕಟ್ಕೋಬ್ಯಾಡ, ಓಡು! ನ್ಯಾಮತಿಯಾಗೆ ತಿಪ್ಪೇಶಿ ಕಂಡ್ರೆ ಕೂಗಿ ಹತ್ತಿಸ್ಕೋ. ಆಸ್ಪತ್ರೆಯಾಗೆ ಕೂಸಿನ ಹೆಸರೇನು ಅಂತ ಕೇಳ್ತಾರೆ. ಅಮೃತಾ ಅಂತಾನೇ ಬರೆಸು. ಜೋರಾಗಿ ಹೇಳಿ ಬರೆಸು.

ನಾನೂ ಬರ್ಲಾ? ಕೂಸನ್ನ ಮುಟ್ಟಲ್ಲ. ಹಿಂದಿನ ಸೀಟಿನಾಗೆ ಕುಂತ್ಕೊಂತೀನಿ... ಗಂಗಾ?

ಗಂಗಾ, ಹೊಸ್ತಿಲು ದಾಟಿಬಿಟ್ಟೆ, ಏನಾದ್ರೂ ಅನ್ನೇ...