ಚಿಗುಸಾಳ ಚೀಲ

ನಾಗಸಾಕಿಯ ಗುಡ್ಡದ ಮೇಲಿರುವ ತೊಮೆ ಅಜ್ಜಿಯ ವಸತಿಮನೆಗೆ ದಾರಿಯೆಂದರೆ ನೂರ ತೊಂಬತ್ತು ಮೆಟ್ಟಿಲು. ಕಾರು ಹೋಗಲಿ, ಸೈಕಲ್ಲೂ ಹತ್ತದು. ಅಂದು ಬೆಳಗಿನಿಂದ ಬಿಡದೆ ಸುರಿದ ಮಳೆಗೆ ಕೆಳಗಿನ ಪೇಟೆಯಲ್ಲಿ ಟ್ರಾಮುಗಳು ನಿಂತುಹೋಗಿದ್ದವು. ಬಂದರು ಇದ್ದ ಕಡೆ ಬರೀ ಬೂದುಬಣ್ಣ. ಬೆನ್ನಿಗೆ ಚೀಲ ಏರಿಸಿಕೊಂಡು ಊರೂರು ಸುತ್ತಲು ಬಂದಿದ್ದ ಐದು ಮಂದಿ ಹುಡುಗ ಹುಡುಗಿಯರು ಎಲ್ಲಿಗೂ ಹೋಗಲಾಗದೆ, ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ಅಡುಗೆಮನೆ ಪಕ್ಕದ ಚಾಪೆಯ ಕೋಣೆಗೆ ಬಂದು ತಗ್ಗು ಮೇಜಿನ ಸುತ್ತ ಕುಳಿತರು. ಅಜ್ಜಿ ಚಹಾ ಬಗ್ಗಿಸಿದರು.

"ಇಂಥ ಮಳೇಲಿ ಒಂದು ದೆವ್ವದ ಕತೆ ಹೇಳಿ ಅಜ್ಜಿ," ಎಂದ ಒಸಾಕಾದ ಹುಡುಗ. "ಆದ್ರೆ ರಾತ್ರಿ ನಿದ್ದೆ ಕೆಡಬಾರದು, ಅಷ್ಟೇ."

ಉಳಿದವರು ನಕ್ಕರು. ಅಜ್ಜಿ ನಗಲಿಲ್ಲ. ಎಪ್ಪತ್ತಾರರ ಹೆಂಗಸು, ನಡು ಸ್ವಲ್ಪವೂ ಬಾಗಿಲ್ಲ. ಚಹಾದ ಕೆಟಲನ್ನು ಕೆಳಗಿಟ್ಟು, ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯಲ್ಲಿ ಕೈ ಒರೆಸಿಕೊಂಡು ಹೇಳತೊಡಗಿದರು.

ಕತೆ ನನಗೆ ಬರಲ್ಲಪ್ಪ. ನಡೆದದ್ದು ಹೇಳ್ತೀನಿ, ಕೇಳಿ. ನಲವತ್ತು ವರ್ಷದ ಹಿಂದಿನ ಮಾತು, ಮಾರ್ಚ್ ತಿಂಗಳು. ನಿಮ್ಮ ಹಾಗೇ ಇಬ್ರು ಹುಡುಗೀರು, ಉತ್ತರದ ಅಕಿತಾದೋರು. ಒಬ್ಬಳು ಚಿಗುಸಾ, ಇನ್ನೊಬ್ಬಳು ಮಿತ್ಸುಯೊ. ನರ್ಸಿಂಗ್ ಓದು ಮುಗಿದಿತ್ತು, ಏಪ್ರಿಲ್ ಒಂದಕ್ಕೆ ಆಸ್ಪತ್ರೆ ಕೆಲಸಕ್ಕೆ ಸೇರಬೇಕು. ಅದಕ್ಕೂ ಮುಂಚೆ ಒಂದ್ಸಲ ಊರುಗಳನ್ನ ನೋಡ್ಬಿಡೋಣ ಅಂತ, ಎಲ್ಲಾ ಸ್ಟೇಷನ್ನಲ್ಲೂ ನಿಲ್ಲೋ ರೈಲು ಹಿಡಿದು, ಕನಜಾವಾ ಸುತ್ತಿ, ಕ್ಯೋಟೊ ಸುತ್ತಿ, ಸ್ಟೇಷನ್ನಿನ ನಲ್ಲೀಲಿ ಮುಖ ತೊಳ್ಕೊಂಡು, ಅನ್ನದ ಉಂಡೆ ತಿಂದ್ಕೊಂಡು ಹೊರಟೋರು. ಚಿಗುಸಾ ಉದ್ದಕ್ಕಿದ್ಲು, ಬಾಯಿ ಜೋರು. ಮಿತ್ಸುಯೊ ಕುಳ್ಳಿ, ಮಾತು ಕಮ್ಮಿ. ಶಾಲೆ ದಿನದಿಂದ್ಲೂ ಯಾರಿಗೆ ಕೈನೋವು ಅಂದ್ರೂ ಅವರ ಚೀಲ ಇವಳ ಹೆಗಲಿಗೆ. ಅಂಥ ಜೀವ.

ಒನೊಮಿಚಿ ಅನ್ನೋ ಊರಲ್ಲಿ ಆಯ್ತು ನೋಡಿ... ಅಲ್ಲೂ ನಮ್ಮಲ್ಲಿ ಇದ್ದ ಹಾಗೇ ಗುಡ್ಡ, ಮೆಟ್ಟಿಲು. ಮಟಮಟ ಮಧ್ಯಾಹ್ನ. ದೇವಸ್ಥಾನದ ದಾರೀಲಿ ಒಬ್ಬ ಮುದುಕಿ ಕೂತಿದ್ಲು. "ಕಾಲು ಬರ್ತಿಲ್ಲ ಮಗಳೇ, ಹೊತ್ಕೊಂಡು ಹೋಗ್ತೀಯಾ?" ಅಂದ್ಲು. ಮಿತ್ಸುಯೊ ಹಿಂದೆಲ್ಲೋ ಬೆಕ್ಕಿನ ಮೈ ಸವರ್ತಾ ನಿಂತಿದ್ಲು, ಕೇಳಿಸಲಿಲ್ಲ. ಚಿಗುಸಾ ನಕ್ಕು, "ಚೀಲದ ಮೇಲೆ ಜಾಗ ಇದೆ ಅಜ್ಜಿ, ಹತ್ತಿ ಕೂತ್ಕೊಳ್ಳಿ" ಅಂದ್ಬಿಟ್ಟು ಮುಂದೆ ನಡೆದ್ಲು. ತಮಾಷೆಗೆ ಅಂದಿದ್ದು. ಮೇಲೆ ಹೋಗಿ ತಿರುಗಿ ನೋಡಿದ್ರೆ ಮೆಟ್ಟಿಲು ಖಾಲಿ... ಕಾಲು ಬಾರದ ಮುದುಕಿ ಅಷ್ಟು ಬೇಗ ಎಲ್ಲಿಗೆ ಹೋದ್ಲು?

ಆ ಸಂಜೆಯಿಂದ ಚೀಲ ಭಾರ. ಹಿರೋಶಿಮಾದಲ್ಲಿ ಪುಸ್ತಕ ಎಸೆದ್ಲು, ಇನ್ನೊಂದು ಜೊತೆ ಬೂಟು ಎಸೆದ್ಲು, ಅಮ್ಮನಿಗೆ ಅಂತ ಕ್ಯೋಟೊದಲ್ಲಿ ಕೊಂಡಿದ್ದ ಪಿಂಗಾಣಿ ಬಟ್ಟಲನ್ನೂ ಬೆಂಚಿನ ಮೇಲೆ ಬಿಟ್ಟು ಬಂದ್ಲು. "ಹೀಗೇ ಆದ್ರೆ ಊರಿಗೆ ಹೋಗೋಷ್ಟರಲ್ಲಿ ಹಲ್ಲುಜ್ಜೋ ಬ್ರಷ್ ಒಂದು ಉಳಿಯುತ್ತೆ ಕಣೇ" ಅಂತ ಮಿತ್ಸುಯೊ ರೇಗಿಸಿದ್ಲು. ಹಕಾತಾ ಸ್ಟೇಷನ್ನಲ್ಲಿ ತೂಕಕ್ಕಿಟ್ರೆ ಮುಳ್ಳು ಎರಡು ಕಿಲೋ ದಾಟಲಿಲ್ಲ. ಎರಡು ಕಿಲೋಗೆ ಹೆಗಲು ನೀಲಿಗಟ್ಟುತ್ತಾ, ಹೇಳಿ? ಚೀಲ ಇಳಿಸಿ ಪಕ್ಕಕ್ಕಿಟ್ರೂ ಭಾರ ಇಳೀಲಿಲ್ಲ. ಕತ್ತಿನ ಹಿಂದೆ ಯಾರೋ ಬಾಯಿ ತೆರೆದು ಉಸಿರು ಬಿಟ್ಟ ಹಾಗೆ, ತೇವ ತೇವ... ಗೆಳತಿಗೆ ಹೇಳಲಿಲ್ಲ. ತಲೆ ಕೆಟ್ಟಿದೆ ಅಂದ್ಕೊಂಡಾಳು ಅಂತ.

ಹೀಗೆ ನಮ್ಮನೆಗೆ ಬಂದ್ರು. ನಮ್ಮತ್ತೆ ಆಗ ಇದ್ರು, ಕಣ್ಣು ಹೋಗಿ ಹತ್ತು ವರ್ಷ ಆಗಿತ್ತು. ಚಿಗುಸಾ ಬಿಸಿನೀರಿಗೆ ಅಂತ ಅಡುಗೆಮನೆಗೆ ಬಂದಾಗ, ಕಾಲಡಿ ಹಲಗೆ ಕಿರುಗುಟ್ಟಿದ್ದು ಕೇಳಿ, "ಯಾರನ್ನ ಹೊತ್ಕೊಂಡು ಬಂದಿದೀಯಮ್ಮ?" ಅಂದ್ರು. ಹುಡುಗಿ ಅವರ ಪಕ್ಕ ಬಂದು ಕೂತಳು. ಅಳ್ತಾ ಎಲ್ಲಾ ಹೇಳಿದ್ಲು.

"ನೀನೇ ಬಾಯಿಬಿಟ್ಟು ಕರೆದಿದೀಯ. ಎಸೆದ್ರೆ ಹೋಗಲ್ಲ," ಅಂದ್ರು ಅತ್ತೆ. "ಅದೇ ಮೆಟ್ಟಿಲಿಗೆ ವಾಪಸ್ ಹೋಗು. ತಪ್ಪಾಯ್ತು ಅಂತ ಕೂತ್ಕೋ. ಅವಳು ಇಳಿಯೋತನಕ ಏಳಬೇಡ. ಎರಡು ದಿನ ಆಗಬಹುದು, ಹತ್ತು ದಿನ ಆಗಬಹುದು."

"ಹತ್ತು ದಿನ ಎಲ್ಲಿದೆ ಅಜ್ಜಿ? ಒಂದನೇ ತಾರೀಕು ನಾನು ಕೆಲಸಕ್ಕೆ ಹೋಗದಿದ್ರೆ ಬೇರೆಯವರನ್ನ ತಗೋತಾರೆ. ಇನ್ನೇನೂ ದಾರಿ ಇಲ್ವಾ?"

ಇದೆ ಅಂದ್ರು ಅತ್ತೆ. ಹೇಳಬಾರದಿತ್ತು... ಹೇಳಿಬಿಟ್ರು. "ಯಾರಾದ್ರೂ ತಾವಾಗೇ 'ಕೊಡು, ನಾನು ಹೊರ್ತೀನಿ' ಅಂದ್ರೆ, ಅವರ ಬೆನ್ನಿಗೆ ಹೋಗ್ತಾಳೆ. ಆದ್ರೆ ಅದನ್ನ ಮಾಡಬೇಡ ತಾಯಿ. ನೀನು ಗಟ್ಟಿಮುಟ್ಟು, ತಡ್ಕೊಂಡಿದೀಯ. ಎಲ್ಲರ ಕೈಲೂ ಆಗಲ್ಲ."

ನಾನು ಅಲ್ಲೇ ಮೀನು ಹೆಚ್ಚುತ್ತಾ ಕೂತಿದ್ದೆ. ಎಲ್ಲಾ ಕೇಳಿಸ್ಕೊಂಡೆ.

ಅಜ್ಜಿ ಕೆಟಲೆತ್ತಿ ತಮಗೂ ಒಂದು ಬಟ್ಟಲು ಚಹಾ ಬಗ್ಗಿಸಿಕೊಂಡರು. ಮಾಡಿನ ನೀರು ಕಲ್ಲಿನ ಮೇಲೆ ಬೀಳುವ ಸದ್ದೊಂದೇ. ಒಸಾಕಾದ ಹುಡುಗ ಚಹಾದ ಬಟ್ಟಲನ್ನು ಕೈಯಲ್ಲಿ ಹಿಡಿದೇ ಇದ್ದ, ಕುಡಿದಿರಲಿಲ್ಲ. "ಆಮೇಲೆ?" ಎಂದಳು ಒಬ್ಬ ಹುಡುಗಿ ಮೆಲ್ಲಗೆ.

ಮಾರನೇ ಬೆಳಿಗ್ಗೆ ಇಬ್ರೂ ಹೊರಟ್ರು. ನಾನು ಬಾಗಿಲ ಮುಂದೆ ಕಸ ಗುಡಿಸ್ತಿದ್ದೆ. ಇಪ್ಪತ್ತು ಮೆಟ್ಟಿಲು ಇಳಿಯೋದ್ರಲ್ಲಿ ಚಿಗುಸಾ ಮುಂದೆ ಹೆಜ್ಜೆ ಇಡಲಾರದೆ, ಕಂಬಿ ಹಿಡ್ಕೊಂಡು ನಿಂತಳು. ಮಿತ್ಸುಯೊ ತಿರುಗಿ ಕೈ ಚಾಚಿ, "ಕೊಡೇ ಇಲ್ಲಿ, ನಾನು ಹೊರ್ತೀನಿ" ಅಂದ್ಲು.

ಚಿಗುಸಾ ತಲೆ ಎತ್ತಿ ನನ್ನ ಕಡೆ ನೋಡಿದ್ಲು. ನಾನೂ ನೋಡಿದೆ. ಬೇಡ ಅಂತ ಒಂದು ಕೂಗು ಕೂಗಿದ್ರೆ ಸಾಕಿತ್ತು. ಯಾಕೆ ಕೂಗಲಿಲ್ಲ? ಮಧ್ಯೆ ಬಾಯಿ ಹಾಕಿದ್ರೆ ಆ ಮುದುಕಿ ನನ್ನ ಕಡೆ ತಿರುಗಿದ್ರೆ ಅಂತ ಭಯ. ಒಳಗೆ ಎರಡು ಚಿಕ್ಕ ಮಕ್ಕಳು ಮಲಗಿದ್ವು... ಪೊರಕೆ ಹಿಡ್ಕೊಂಡು ಹಾಗೇ ನಿಂತಿದ್ದೆ.

"ಬೇಡ ಬಿಡೇ," ಅಂದ್ಲು ಚಿಗುಸಾ. ಒಂದ್ಸಲ ಅಂದ್ಲು, ಅದನ್ನ ಹೇಳಲೇಬೇಕು.

"ಎರಡು ಕಿಲೋಗೆ ಇಷ್ಟೊಂದು ಬಿಂಕ ಏನೇ? ರೈಲು ತಪ್ಪುತ್ತೆ, ಕೊಡು."

ಕೊಟ್ಟಳು.

ಕೊಟ್ಟ ಕೂಡಲೇ ಮೈ ಹಗುರ ಆಯ್ತಂತೆ. "ಅಂಥ ಸುಖ ನಾನು ಹುಟ್ಟಿದಾಗಿಂದ ಕಂಡಿರಲಿಲ್ಲ ಅಕ್ಕ, ಅದಕ್ಕೇ ತಿರುಗಿ ನೋಡಲಿಲ್ಲ" ಅಂತ ಎಷ್ಟೋ ವರ್ಷ ಆದ್ಮೇಲೆ ಇದೇ ಕೋಣೇಲಿ ಕೂತು ನನಗೆ ಹೇಳಿದ್ಲು. ಮೆಟ್ಟಿಲನ್ನ ಓಡಿ ಇಳಿದ್ಲು. ಹಿಂದೆ ಮಿತ್ಸುಯೊ, ಬೆನ್ನಿಗೊಂದು ಚೀಲ, ಎದೆಗೊಂದು ಚೀಲ. "ಚಿಗುಸಾ, ನಿಧಾನ ಕಣೇ... ಸ್ವಲ್ಪ ನಿಲ್ಲೇ" ಅಂತ ಎರಡು ಸಲ ಕರೆದ್ಲು. ಮೂರನೇ ಸಲ ಕರೆಯೋಕೆ ಉಸಿರಿರಲಿಲ್ಲ. ಕೆಳಗೆ ಕರ್ಪೂರದ ಮರ ಇದೆಯಲ್ಲ, ಅಲ್ಲಿ ಕೂತಳು. ಕೂತೋಳು ಮುಂದಕ್ಕೆ ಬಾಗಿದ್ಲು... ಬಾಗ್ತಾ ಬಾಗ್ತಾ ಹಣೆ ಕಲ್ಲಿಗೆ ತಾಗ್ತು. ನಾನು ಓಡಿ ಹೋಗೋ ಹೊತ್ತಿಗೆ ಮುಗಿದಿತ್ತು. ಹೃದಯ ನಿಂತಿದೆ ಅಂದ್ರು ಡಾಕ್ಟರು. ಬೆನ್ನುಮೂಳೆ ಮುರಿದಿದ್ದು ಹೇಗೆ ಅಂತ ಕೇಳಿದ್ರೆ, ಬಿದ್ದಿರಬೇಕು ಅಂದ್ರು. ಎಲ್ಲಿ ಬಿದ್ಲು? ಕೂತಿದ್ದನ್ನ ನಾನೇ ಕಂಡಿದ್ನಲ್ಲ. ಪೊಲೀಸರು ಚಿಗುಸಾಳ ಚೀಲ ಬಿಚ್ಚಿದ್ರೆ ಎರಡು ಅಂಗಿ, ಒಂದು ಟವೆಲು, ಹರಿದ ರೈಲು ನಕ್ಷೆ.

ಚಿಗುಸಾ ಒಂದನೇ ತಾರೀಕು ಕೆಲಸಕ್ಕೆ ಸೇರಿದ್ಲು. ಪ್ರತಿ ಮಾರ್ಚಿಗೂ ಇಲ್ಲಿಗೆ ಬರ್ತಿದ್ಲು, ಬರಿಗೈಲಿ. ಮರದ ಹತ್ರ ಕೂತಿದ್ದು ಹೋಗ್ತಿದ್ಲು. ನೀವ್ಯಾಕೆ ಕೂಗಲಿಲ್ಲ ಅಂತ ಅವಳು ಕೇಳಲಿಲ್ಲ. ನೀನ್ಯಾಕೆ ಕೊಟ್ಟೆ ಅಂತ ನಾನೂ ಕೇಳಲಿಲ್ಲ. ಮೂರು ವರ್ಷದ ಹಿಂದೆ ಅವಳೂ ಹೋದ್ಲು.

ಆದ್ರೆ ಮಿತ್ಸುಯೊ ಹೋಗಿಲ್ಲ. ಬೆಳಿಗ್ಗೆ ನಾನು ಕಸ ಗುಡಿಸ್ತಾ ಇಳಿದ್ರೆ ಮರದಡಿ ಕೂತಿರ್ತಾಳೆ, ಎರಡು ಚೀಲ ಹೊತ್ಕೊಂಡು. "ನನ್ನ ಗೆಳತಿ ತುಂಬಾ ಮುಂದೆ ಹೋದ್ಲಾ ಅಕ್ಕ?" ಅಂತಾಳೆ. ಹೌದಮ್ಮ ಅಂತೀನಿ, ತಲೆ ತಗ್ಗಿಸಿ ಬರ್ತೀನಿ. ಹೊತ್ಕೋ ಅಂತ ಅವಳು ಯಾರನ್ನೂ ಕೇಳಲ್ಲ. ಬದುಕಿದ್ದಾಗ್ಲೂ ಕೇಳಿದೋಳಲ್ಲ. ಆದ್ರೆ ಆ ಪುಟ್ಟ ಹುಡುಗೀನ ಹಾಗೆ ನೋಡಿದ್ರೆ, ಗೊತ್ತಿಲ್ಲದೋರಿಗೆ ಅಯ್ಯೋ ಅನ್ನಿಸದೆ ಇರುತ್ತಾ?

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ... ಇವತ್ತು ಬೆಳಿಗ್ಗೆ ಮರದಡಿ ಅವಳಿರಲಿಲ್ಲ. ನಲವತ್ತು ವರ್ಷದಲ್ಲಿ ಇದೇ ಮೊದಲು. ನಿನ್ನೆ ನೀವು ಮೆಟ್ಟಿಲು ಹತ್ತಿ ಬರುವಾಗ... ನಿಮ್ಮಲ್ಲಿ ಯಾರಾದ್ರೂ ಒಂದು ಹುಡುಗೀ ಕೈಯಿಂದ ಚೀಲ ಇಸ್ಕೊಂಡ್ರಾ?